ಏಳನೆಯ ಅಂಕಣ

ಅಕ್ಟೋಬರ್ ಆರು, ಸೋಮವಾರ. ಆ ದಿನವನ್ನೂ ಸೇರಿಸಿ ಹುಡುಗಿ ಕಳೆದುಕೊಂಡಿದ್ದ ಶಾಲೆಯ ದಿನಗಳು ನಲವತ್ತೊಂದು. ವರ್ಷಕ್ಕೆ ಕೆಲಸದ ದಿನ ಇನ್ನೂರು. ಪರೀಕ್ಷೆಗೆ ಕೂರಬೇಕಾದರೆ ನೂರೈವತ್ತು ದಿನದ ಹಾಜರಿ ಬೇಕು. ಇನ್ನು ಕಳೆದುಕೊಳ್ಳಬಹುದಾದ ದಿನಗಳು ಒಂಬತ್ತು.

ಅವಳು ನಮ್ಮ ಮನೆಗೆ ಬಂದು ಹದಿನೆಂಟು ದಿನವಾಗಿತ್ತು. ಹೆತ್ತವರ ಬಳಿ ಇರಲಾಗದ ಮಕ್ಕಳನ್ನು ಮಕ್ಕಳ ಕಚೇರಿಯವರು ಒಪ್ಪಿದ ಮನೆಗಳಿಗೆ ಸಾಕಲು ಕೊಡುತ್ತಾರೆ. ಒಪ್ಪಿದವಳು ನನ್ನ ತಂಗಿ. ಗಂಡ ತೀರಿಕೊಂಡ ಮೇಲೆ ನನ್ನ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಾಳೆ. ಹುಡುಗಿಗೆ ಹನ್ನೊಂದು ವರ್ಷ. ನಮ್ಮದು ಅವಳಿಗೆ ನಾಲ್ಕನೆಯ ಮನೆ. ನಾಲ್ಕನೆಯ ತರಗತಿಗೆ ಎರಡು ಸಲ ಸೇರಿದ್ದಳು. ಎರಡು ಸಲವೂ ನಡುವರ್ಷದಲ್ಲಿ ಮನೆ ಬದಲಾಗಿ, ಹಾಜರಿ ಸಾಲದೆ, ಪರೀಕ್ಷೆ ತಪ್ಪಿತ್ತು. ತೆಳ್ಳಗಿದ್ದುದರಿಂದ ತಂಗಿ ಅವಳನ್ನು ಕಡ್ಡಿ ಎಂದು ಕರೆಯುತ್ತಿದ್ದಳು.

ಶಾಲೆ ನಮ್ಮ ಮನೆಯಿಂದ ಮುನ್ನೂರ ಹತ್ತು ಹೆಜ್ಜೆ. ಅಲ್ಲಿ ನಾನು ಇಪ್ಪತ್ತೆರಡು ವರ್ಷ ಲೆಕ್ಕ ಕಲಿಸಿದ್ದೇನೆ. ಕೊನೆಯ ಆರು ವರ್ಷ ಮುಖ್ಯೋಪಾಧ್ಯಾಯನಾಗಿದ್ದೆ. ಈಗಿನ ಗುಮಾಸ್ತ ನನ್ನ ಕೈಕೆಳಗೆ ಕೆಲಸಕ್ಕೆ ಸೇರಿದವನು. ಆ ಸೋಮವಾರ ಹುಡುಗಿಯನ್ನು ಸೇರಿಸಲು ಹೋದಾಗ ನನ್ನನ್ನು ಕಂಡು ಎದ್ದು ನಿಂತ.

"ಟಿ.ಸಿ. ಎಲ್ಲಿ ಸಾರ್?"

"ಹಳೇ ಶಾಲೆಯಲ್ಲಿದೆ."

"ತಂದುಬಿಡಿ. ಅರ್ಧ ಗಂಟೆ ಕೆಲಸ."

ನಾನು ತಲೆಯಾಡಿಸಿದೆ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಬಾಗಿಲಲ್ಲಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದ ಹುಡುಗಿ, "ಹೋದ ವರ್ಷಾನೂ ಅರ್ಧ ಗಂಟೆ ಅಂದಿದ್ರು," ಎಂದಳು.

ಮಂಗಳವಾರದಿಂದ ಗುರುವಾರದವರೆಗೆ ಹಳೆಯ ಶಾಲೆಗೆ ಹನ್ನೊಂದು ಸಲ ಫೋನ್ ಮಾಡಿದೆ. ಮಗುವನ್ನು ಸೇರಿಸಿದಾಗ ಸಹಿ ಹಾಕಿದವರೇ ಬಂದು ವರ್ಗಾವಣೆ ಪತ್ರ ಒಯ್ಯಬೇಕು ಎಂದರು. ಸಹಿ ಹಾಕಿದವರು ಹಿಂದಿನ ಸಾಕುಮನೆಯವರು. ಅವರು ಊರು ಬಿಟ್ಟಿದ್ದರು. ಹೋದದ್ದು ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ.

ಆ ದಿನಗಳಲ್ಲಿ ಮನೆಯಲ್ಲಿ ಒಬ್ಬರೂ ಒಂದು ಕಡೆ ಕೂರಲಿಲ್ಲ. ತಂಗಿ ರವಿಕೆಯ ಒಂದೇ ತೋಳನ್ನು ಎರಡು ಸಲ ಬಿಚ್ಚಿ ಹೊಲಿದಳು. ಬೆಳಗಿನ ಗಂಟೆ ಕೇಳಿಸಿದ ಕೂಡಲೇ ಹುಡುಗಿ ಗೇಟಿಗೆ ಓಡುತ್ತಿದ್ದಳು. ಕೊನೆಯ ಮಗು ಹಾದುಹೋಗುವವರೆಗೆ ನಿಂತು, ಒಳಗೆ ಬಂದು, ಮತ್ತೆ ಹೋಗುತ್ತಿದ್ದಳು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಿದ್ದೆ.

"ಅಣ್ಣಾ, ಆ ಗೀಟು ಸ್ವಲ್ಪ ಮರೆಯಲ್ಲಿ ಎಳೀರಿ," ಎಂದಳು ತಂಗಿ. "ಮಗು ನೋಡ್ತಾ ಇರುತ್ತೆ. ಜೈಲಲ್ಲಿ ದಿನ ಎಣಿಸಿದ ಹಾಗಿದೆ."

"ಎಳೀಲಿ ಬಿಡಿ ದೊಡ್ಡಮ್ಮ, ನಂಗೂ ಲೆಕ್ಕ ಬರುತ್ತೆ," ಎಂದಳು ಹುಡುಗಿ. ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರು ತಾತ, ಈ ಸಲಾನೂ ತಪ್ಪಿದ್ರೆ ನಾನು ಇನ್ನೊಂದು ಸಲ ಹೋಗಲ್ಲ. ನಾಲ್ಕನೇ ಕ್ಲಾಸಲ್ಲೇ ಕೂದಲು ಬೆಳ್ಳಗಾಗುತ್ತೆ," ಎಂದಳು. ನಗಿಸಲು ಹೇಳಿದ್ದಳು. ನಗುವಂತಿರಲಿಲ್ಲ.

ಶುಕ್ರವಾರ ಮಕ್ಕಳ ಕಚೇರಿಯ ಅಧಿಕಾರಿಣಿಯನ್ನು ಕಂಡೆ. ಸಾಕುಮನೆಯ ಮಕ್ಕಳನ್ನು ಮೊದಲು ಸೇರಿಸಿಕೊಳ್ಳಬೇಕು, ಕಾಗದಪತ್ರ ಆಮೇಲೆ ತರಿಸಿಕೊಳ್ಳಬೇಕು ಎಂಬ ನಿಯಮ ಬಂದು ಮೂರು ವರ್ಷವಾಗಿದೆ ಎಂದು ಆಕೆ ಹೇಳಿದಳು. ಹಾಗೆ ಸೇರಿಸಿಕೊಳ್ಳಿ ಎಂದು ಶಾಲೆಗೆ ಆಕೆ ಬರೆದ ಆದೇಶ ಕೈಗೆ ಬಂದದ್ದು ಸೋಮವಾರ ಸಂಜೆ. ಮಂಗಳವಾರ ಬೆಳಿಗ್ಗೆ ಅದನ್ನು ಗುಮಾಸ್ತನ ಮೇಜಿನ ಮೇಲಿಟ್ಟೆ. ಆ ದಿನಕ್ಕೆ ನಲವತ್ತೆಂಟು.

ಅವನು ಆದೇಶವನ್ನು ಎರಡು ಸಲ ಓದಿದ. "ಇದೆಲ್ಲ ಸರಿ ಸಾರ್. ಆದರೆ ಹಾಜರಿ ಹಾಕೋ ಹಾಗಿಲ್ಲ."

"ಯಾಕೆ?"

"ನಿಮಗೆ ಗೊತ್ತಿಲ್ವಾ?" ಅವನ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. ದಾಖಲಾತಿ ರಿಜಿಸ್ಟರನ್ನು ಎಳೆದು ರಟ್ಟಿನ ಒಳಬದಿಯನ್ನು ನನ್ನ ಕಡೆ ತಿರುಗಿಸಿದ. ಅಲ್ಲಿ ಅಂಟಿಸಿದ್ದ ಹಾಳೆಯಲ್ಲಿ ಹೀಗಿತ್ತು: 'ಏಳನೆಯ ಅಂಕಣದಲ್ಲಿ ವರ್ಗಾವಣೆ ಪತ್ರದ ಸಂಖ್ಯೆ ಇಲ್ಲದ ಹೆಸರಿಗೆ ಹಾಜರಿ ಹಾಕತಕ್ಕದ್ದಲ್ಲ.' ಬರೆದದ್ದನ್ನು ಮರೆತಿದ್ದೆ. ಕೈಬರಹ ಮರೆಯುವಂಥದ್ದಲ್ಲ.

ಹದಿನೇಳು ವರ್ಷದ ಹಿಂದೆ ಒಬ್ಬ ಹುಡುಗನ ಹೆಸರು ಎರಡು ಶಾಲೆಗಳ ಪಟ್ಟಿಯಲ್ಲಿತ್ತು. ತಾಲೂಕಿನ ಮೊತ್ತದಲ್ಲಿ ಒಂದು ಹೆಚ್ಚು ಬಂತು. ಆ ಒಂದನ್ನು ನಾನು ಸಹಿಸಲಿಲ್ಲ.

"ನನ್ನ ನಂತರ ಬಂದವರು ಯಾರೂ ತೆಗೆಸಲಿಲ್ಲವೆ?"

"ನೀವು ಬರೆದದ್ದನ್ನ ಯಾರು ತೆಗೀತಾರೆ ಸಾರ್? ನಾನು ಒಂದು ಸಲವೂ ಮೀರಿಲ್ಲ." ಅದನ್ನು ಅವನು ನನ್ನ ಮೆಚ್ಚುಗೆಗಾಗಿ ಹೇಳಿದ.

ಮುಖ್ಯೋಪಾಧ್ಯಾಯಿನಿ ಮಧ್ಯಾಹ್ನ ಬಂದರು. ನನ್ನ ಅರ್ಧ ವಯಸ್ಸಿನವರು. ಕುರ್ಚಿ ಕೊಟ್ಟು ಕೂರಿಸಿದರು. "ತೆಗೀಬಹುದು ಸಾರ್. ಆದರೆ ತಪಾಸಣೆಗೆ ಬಂದವರು, ಇಷ್ಟು ವರ್ಷ ಇದ್ದದ್ದನ್ನ ಈಗ ಯಾಕೆ ತೆಗೆದ್ರಿ ಅಂತ ಕೇಳ್ತಾರೆ. ಬರೆದವರೇ ತಪ್ಪು ಅಂತ ಬರೆದುಕೊಟ್ರೆ ನನಗೊಂದು ಆಧಾರ."

ಆ ಸಂಜೆ ಮೂರು ಹಾಳೆ ಹರಿದೆ. ಮೊದಲನೆಯದರಲ್ಲಿ 'ಅಂದಿನ ಪರಿಸ್ಥಿತಿಯಲ್ಲಿ' ಎಂದಿತ್ತು. ಎರಡನೆಯದರಲ್ಲಿ 'ಸದುದ್ದೇಶದಿಂದ' ಎಂದಿತ್ತು. ಮೂರನೆಯದನ್ನು ತಂಗಿ ನನ್ನ ಹೆಗಲ ಹಿಂದಿನಿಂದ ಓದಿದಳು.

"ತಪ್ಪಾಯ್ತು ಅಂತ ಒಂದು ಮಾತು ಬರೆಯೋಕೆ ಎಷ್ಟು ಸುತ್ತು ಹಾಕ್ತೀರಿ ಅಣ್ಣಾ. ಮಕ್ಕಳಿಂದ ಬರೆಸಿದ್ದೀರಲ್ಲ, ನೂರು ನೂರು ಸಲ."

ನಾಲ್ಕನೆಯದರಲ್ಲಿ ಮೂರೇ ವಾಕ್ಯ. 'ಈ ಸೂಚನೆ ನನ್ನದು. ಇದು ತಪ್ಪು. ತೆಗೆದುಹಾಕಬೇಕೆಂದು ಕೋರುತ್ತೇನೆ.'

ಬುಧವಾರ ಮೊದಲ ಗಂಟೆಗೆ ಮುಂಚೆ ಮುಖ್ಯೋಪಾಧ್ಯಾಯಿನಿ ಆ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೀಟು ಹಾಕಿ, ತಾರೀಖು ಬರೆದು, ಸಹಿ ಮಾಡಿದರು. ಗುಮಾಸ್ತ ಹುಡುಗಿಯ ಹೆಸರು ಬರೆದ. ಏಳನೆಯ ಅಂಕಣಕ್ಕೆ ಬಂದಾಗ ಅವನ ಲೇಖನಿ ತಾನಾಗಿಯೇ ನಿಂತಿತು.

"ಖಾಲಿ ಬಿಡು," ಎಂದೆ.

ಬಿಟ್ಟ. ಅದು ಅವನಿಗೂ ಸುಲಭವಾಗಿರಲಿಲ್ಲ, ನನಗೂ ಇರಲಿಲ್ಲ. ಹುಡುಗಿ ಆಗಲೇ ತರಗತಿಯ ಕಡೆ ಅರ್ಧ ದಾರಿ ಹೋಗಿದ್ದಳು. ಕಳೆದ ದಿನಗಳ ಲೆಕ್ಕ ನಲವತ್ತೆಂಟಕ್ಕೆ ನಿಂತಿತು.

"ಎರಡು ದಿನ ಜ್ವರ ಬರಬಹುದಂತೆ ಕಣೇ ಕಡ್ಡಿ," ಎಂದು ತಂಗಿ ಸಂಜೆ ಹೇಳಿದಳು. "ಮೂರನೇ ದಿನಕ್ಕೆ ತಾತನ ಅಪ್ಪಣೆ ಇಲ್ಲ."

ಅವಳಿಗೆ ಒಂದು ದಿನವೂ ಜ್ವರ ಬರಲಿಲ್ಲ. ಮಾರ್ಚಿನಲ್ಲಿ ಪರೀಕ್ಷೆಗೆ ಕೂತಳು, ಪಾಸಾದಳು. ಲೆಕ್ಕದಲ್ಲಿ ಐವತ್ತೆರಡು. ಇನ್ನಷ್ಟು ಬರಬೇಕಿತ್ತು.

ಅಕ್ಟೋಬರಿನ ಅದೇ ಬುಧವಾರ ಗುಮಾಸ್ತನನ್ನು ಇನ್ನೊಂದು ಮಾತು ಕೇಳಿದ್ದೆ: ಏಳನೆಯ ಅಂಕಣದಿಂದಾಗಿ ಹಿಂದಕ್ಕೆ ಹೋದವರು ಎಷ್ಟು? ಅವನು ಕಪಾಟಿನಿಂದ ದಾರ ಕಟ್ಟಿದ ಅರ್ಜಿಗಳ ಕಟ್ಟೊಂದನ್ನು ತಂದ. ಎಣಿಸಿದೆ, ಇಪ್ಪತ್ತಮೂರು. ಎಲ್ಲ ವಿಳಾಸಗಳಿಗೂ ಕಾಗದ ಬರೆದೆ. ಹದಿನಾಲ್ಕು, ವಿಳಾಸದಾರರಿಲ್ಲ ಎಂದು ಹಿಂದಿರುಗಿದವು. ಆರು ಮಕ್ಕಳು ಆಗಲೇ ಬೇರೆ ಶಾಲೆ ಸೇರಿದ್ದರೆಂದು ತಿಳಿಯಿತು. ಎರಡಕ್ಕೆ ಉತ್ತರವಿಲ್ಲ.

ಉಳಿದ ಒಂದಕ್ಕೆ ಏಪ್ರಿಲಿನಲ್ಲಿ ಉತ್ತರ ಬಂತು. ಆ ಅರ್ಜಿಯ ಹುಡುಗಿ ಅದನ್ನು ಬೇರೆ ಯಾರ ಕೈಯಲ್ಲೋ ಬರೆಸಿದ್ದಾಳೆ. ತನಗೀಗ ಇಪ್ಪತ್ತನಾಲ್ಕು ವರ್ಷ, ಇಬ್ಬರು ಮಕ್ಕಳು. ಆ ದಿನ ವಾಪಸು ಕಳಿಸಿದ ಮೇಲೆ ಯಾವ ಶಾಲೆಗೂ ಹೋಗಲಿಲ್ಲ. ಈಗ ತನ್ನ ಹೆಸರಿಗೆ ಕಾಗದ ಬಂದಿರುವುದೇಕೆ, ತಾನೇನಾದರೂ ತಪ್ಪು ಮಾಡಿದ್ದೆನೇ ಎಂದು ಕೇಳಿದ್ದಾಳೆ.

ಇಂದು ಜೂನ್ ಎರಡು. ಅವಳಿಗೆ ಉತ್ತರ ಬರೆಯುವುದು ಇನ್ನೂ ಬಾಕಿ ಇದೆ.