ಪಟ್ಟಿಯಲ್ಲಿಲ್ಲದ ಚಿಕ್ಕಪ್ಪ

ಆ ಲಾಂಡ್ರಿಯಲ್ಲಿ ಒಂದು ಹಳೆಯ ಪದ್ಧತಿಯಿತ್ತು. ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರರು ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಕೆಲಸದವರಲ್ಲಿ ಕೆಲವರು ಬಂಧುಗಳಾಗಿಬಿಡುತ್ತಿದ್ದರು. ಗುಂಡಿ ಹೊಲಿಯುವ ಹೆಂಗಸು ಯಜಮಾನನಿಗೆ ಸೋದರತ್ತೆಯಾಗುತ್ತಿದ್ದಳು. ಬಟ್ಟೆಯ ಗಂಟುಗಳನ್ನು ಮನೆಮನೆಗೆ ಮುಟ್ಟಿಸುವವನು ಭಾವನಾಗುತ್ತಿದ್ದನು. ಹಬೆಯ ಇಸ್ತ್ರಿಯ ಮುಂದೆ ನಿಲ್ಲುವ ಗಂಜಿಯಣ್ಣನು ಚಿಕ್ಕಪ್ಪನಾಗುತ್ತಿದ್ದನು. ಮನೆಯವರು ಅಂಗಡಿಯಲ್ಲಿ ಕೈಜೋಡಿಸಿದರೆ ಕಾನೂನು ಅವರನ್ನು ಕೆಲಸಗಾರರೆಂದು ಎಣಿಸುವುದಿಲ್ಲ. ಎಣಿಕೆಯ ತಲೆಗಳು ಮಿತಿಯನ್ನು ದಾಟದಿದ್ದರೆ ವಿಮೆಯ ಕಂತಿಲ್ಲ, ಪಿಂಚಣಿ ನಿಧಿಯ ಗೋಳಿಲ್ಲ. ಇನ್ಸ್‌ಪೆಕ್ಟರರು ಬೀದಿಗಿಳಿದೊಡನೆ ನೆಂಟಸ್ತನವೆಲ್ಲ ಹಬೆಯಂತೆ ಕರಗಿ, ಅತ್ತೆಗೆ ಗುಂಡಿ ತಪ್ಪಿತೆಂಬ ಬೈಗುಳ ಬೀಳುತ್ತಿತ್ತು. ನಿವೃತ್ತನಾಗಿ ಹೋದ ಹಳೆಯ ಇನ್ಸ್‌ಪೆಕ್ಟರನಂತೂ, ನಿಮ್ಮ ವಂಶ ಹೀಗೇ ಬೆಳೆಯುತ್ತಿರಲಿ ಎಂದು ಹರಸಿ ಹೋಗುತ್ತಿದ್ದನಂತೆ.

ಗಂಜಿಯಣ್ಣನೆಂಬುದು ಅಡ್ಡಹೆಸರು. ಗಂಜಿ ಹಾಕಿದ ಕಾಲರಿನ ಹಾಗೆ ಅವನ ಬೆನ್ನೂ ಬಾಗುತ್ತಿರಲಿಲ್ಲ. ಅಂಗಿಯನ್ನು ಮಡಿಸುವುದರಲ್ಲಿ ಅವನದೇ ಒಂದು ಕ್ರಮವಿತ್ತು: ಎರಡು ತೋಳುಗಳನ್ನೂ ಎದೆಯ ಮೇಲೆ ಅಡ್ಡಡ್ಡ ತಂದು ಇಡುತ್ತಿದ್ದನು. ಅವನು ಮಡಿಸಿದ ಅಂಗಿ ಒಡೆಯನೆದುರು ಕೈಕಟ್ಟಿ ನಿಂತ ಆಳಿನಂತೆ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಇಸ್ತ್ರಿಯ ಹಬೆಕೊಳವೆ ಒಡೆಯಿತು. ಗಂಜಿಯಣ್ಣನು ಆಸ್ಪತ್ರೆಯಲ್ಲಿ ಕೆಲವು ದಿನ ನರಳಿ ತೀರಿಕೊಂಡನು. ಅವನಿಗಿದ್ದವಳು ಒಬ್ಬಳೇ ಮಗಳು, ಇನ್ನೂ ಓದುತ್ತಿದ್ದವಳು. ತಂದೆ ಕೆಲಸಗಾರನೆಂದು ಸಾಬೀತಾದರೆ ಅವಲಂಬಿತರಿಗೆ ಸಲ್ಲುವ ಪಿಂಚಣಿ ಅವಳಿಗೆ ಸಿಗುತ್ತಿತ್ತು. ಇಲ್ಲವಾದರೆ ಓದನ್ನೂ ಬಾಡಿಗೆಯ ಕೋಣೆಯನ್ನೂ ಬಿಡಬೇಕಿತ್ತು. ಹೊಸದಾಗಿ ಬಂದಿದ್ದ ಇನ್ಸ್‌ಪೆಕ್ಟರ್, ನಗುವಿಗೆ ಸುಲಭವಾಗಿ ಎಡೆಗೊಡದ ಒಬ್ಬ ಹೆಂಗಸು, ವಿಚಾರಣೆಗೆ ಬಂದು ಯಜಮಾನನನ್ನು ನೇರವಾಗಿ ಕೇಳಿದಳು: ಸತ್ತವನು ನಿಮಗೆ ಏನಾಗಬೇಕು?

ನಾಲಗೆಗೆ ಅಭ್ಯಾಸವಾಗಿತ್ತು. “ನಮ್ಮ ಚಿಕ್ಕಪ್ಪ, ಮೇಡಂ” ಎಂದನು ಯಜಮಾನ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತಿದ್ದ ಅವನ ತಾಯಿಯೂ ತಲೆಯಾಡಿಸಿ, ಹೌದು, ನನ್ನ ಮೈದುನ ಎಂದು ದನಿಗೂಡಿಸಿದಳು. ಹೇಳಿಕೆ ಬರೆದಾಯಿತು, ಸಹಿಯಾಯಿತು.

ಮೂಲೆಯಲ್ಲಿ ನಿಂತಿದ್ದ ಗಂಜಿಯಣ್ಣನ ಮಗಳು ಅಳಲಿಲ್ಲ. “ಹಾಗಾದ್ರೆ ನಾನು ನಿಮಗೆ ತಂಗಿ ಆಗ್ಬೇಕು, ಅಲ್ವಾ ಅಣ್ಣ? ತಂಗೀನ ಬರಿಗೈಲಿ ಕಳಿಸ್ತಿದ್ದೀರಲ್ಲ” ಎಂದಳು. ಯಜಮಾನನು ಗಲ್ಲಾಪೆಟ್ಟಿಗೆಗೆ ಬೀಗ ಹಾಕಿದನು. ಅವಳು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ಮೆಲ್ಲಗೆ ಹೇಳಿದಳು: “ಸರಿ. ನಿಮ್ಮ ಚಿಕ್ಕಪ್ಪನ್ನ ಇನ್ಮೇಲೆ ನೀವೇ ನೋಡ್ಕೊಳ್ಳಿ.”

ಮರುದಿನ ಬೆಳಗ್ಗೆ ಯಜಮಾನನ ಮನೆಯಲ್ಲಿ ಬಿಸಿ ಬಟ್ಟೆಯ ವಾಸನೆಯಿತ್ತು. ಅಂಗಿಗಾಗಿ ಬೀರು ತೆರೆದರೆ, ಮೇಲಿದ್ದ ಅಂಗಿಯ ತೋಳುಗಳು ಮೊಣಕೈಯಲ್ಲಿ ಬಾಗಿ ಸೊಂಟದ ಮೇಲೆ ಊರಿದ್ದವು, ಮನೆಯ ಹಿರಿಯನು ಸೊಂಟಕ್ಕೆ ಕೈಯಿಟ್ಟು ನಿಂತು ನೋಡುವ ಹಾಗೆ. ಇದೇನೆಂದು ಹೆಂಡತಿಯನ್ನು ಕೇಳಿದನು. ತಾನು ಬೀರು ಮುಟ್ಟಿಯೇ ಇಲ್ಲವೆಂದಳು.

ಕೆಲವೇ ದಿನಗಳಲ್ಲಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಯಾರೂ ಕೂರದಂತಾಯಿತು. ಅದರ ಮೇಲೆ ಕೈಯಿಟ್ಟರೆ ಬೆಚ್ಚಗಿರುತ್ತಿತ್ತು, ತುಸು ತೇವವೂ ಇರುತ್ತಿತ್ತು. ತಾಯಿ ಅದರ ಮುಂದೆ ಹಾಯುವಾಗ ದನಿ ತಗ್ಗಿಸತೊಡಗಿದಳು. ಚಹಾ ಸೋಸುವಾಗ ಒಂದು ಲೋಟ ಹೆಚ್ಚು ಇಡುತ್ತ, ಅವನಿಗೆ ಸಕ್ಕರೆ ಕಡಿಮೆ ಇರಲಿ ಎಂದು ಸೊಸೆಗೆ ಹೇಳಿದಳು. ಸೊಸೆ ಮೊದಲ ದಿನ ನಕ್ಕಳು, ಆಮೇಲೆ ನಗಲಿಲ್ಲ. ಒಮ್ಮೆ ಯಜಮಾನನು ಯಾವುದಕ್ಕೋ ರೇಗಿದಾಗ ಹೆಂಡತಿ ಅವನ ತೋಳು ಹಿಡಿದು, “ಮೆಲ್ಲಗೆ ಮಾತಾಡಿ, ಹಿರಿಯರಿದ್ದಾರೆ” ಎಂದಳು. ಹೇಳಿದ ಮೇಲೆ ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು.

ನಡುಮನೆಯ ಗೋಡೆಯಲ್ಲಿ ಯಜಮಾನನ ತಂದೆಯ ಹಳೆಯ ಫೋಟೋ ಇತ್ತು. ಅದರ ಗಾಜಿನ ಒಳಮೈಯಲ್ಲಿ, ತಂದೆಯ ಪಕ್ಕದ ಖಾಲಿ ಜಾಗದಲ್ಲಿ, ಹಬೆ ಕಟ್ಟಿಕೊಳ್ಳತೊಡಗಿತು. ಚೌಕಟ್ಟು ಬಿಚ್ಚಿ ಒರೆಸಿದರೂ ಮತ್ತೆ ಕಟ್ಟಿಕೊಳ್ಳುತ್ತಿತ್ತು. ದಿನ ಕಳೆದಂತೆ ಅದಕ್ಕೆ ಹೆಗಲು ಬಂತು, ಬಾಗದ ಬೆನ್ನು ಬಂತು. ಯಜಮಾನನು ದಿಟ್ಟಿಸುತ್ತ ನಿಂತಿದ್ದಾಗ ತಾಯಿ ಹಿಂದಿನಿಂದ ಬಂದಳು.

“ನಿಮ್ಮಪ್ಪ ಹೋದ್ಮೇಲೆ ಈ ಮನೆಗೆ ದೊಡ್ಡೋನು ಅವನೇ ಕಣೋ. ಅಂಗಡೀಲಿ ಏನೇ ಮಾಡೋದಿದ್ರೂ ಅವನನ್ನ ಒಂದ್ಮಾತು ಕೇಳು.”

“ಅಮ್ಮಾ, ಅವನು ಯಾರು ಅಂತ ನಿಂಗೆ ಗೊತ್ತಿಲ್ವಾ?”

“ನೀನೇ ಸಹಿ ಹಾಕಿದೀಯಲ್ಲ” ಎಂದಳು ತಾಯಿ, ಮಗುವಿಗೆ ತಿಳಿಹೇಳುವಂತೆ.

ಹಬೆಯ ಅಂಚು ಆಗಲೇ ತಂದೆಯ ಕೆನ್ನೆಯನ್ನು ಮುಟ್ಟಿತ್ತು. ಯಜಮಾನನು ಊಟವನ್ನೂ ಮಾಡದೆ ಇಲಾಖೆಯ ಕಚೇರಿಗೆ ನಡೆದನು.

ಇನ್ಸ್‌ಪೆಕ್ಟರ್ ಎಲ್ಲವನ್ನೂ ಕೇಳಿಕೊಂಡು, ಹೇಳಿಕೆಯನ್ನು ಬದಲಿಸಿದರೆ ಆಗುವುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿದಳು: ಹಿಂದಿನ ಬಾಕಿ, ಅದರ ಬಡ್ಡಿ, ಮೇಲೆ ದಂಡ. ಸುಳ್ಳು ಹೇಳಿದ್ದಕ್ಕೆ ಬೇರೆ ಪ್ರಕರಣ. ಅಂಗಡಿ ಉಳಿಯುತ್ತದೋ ಇಲ್ಲವೋ, ಯೋಚಿಸಿ ಮಾತಾಡಿ ಎಂದಳು.

ಯಜಮಾನನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡನು. “ಬರ್ಕೊಳ್ಳಿ ಮೇಡಂ. ಅವರು ನಂಗೆ ಏನೂ ಆಗ್ಬೇಕಿರ್ಲಿಲ್ಲ. ನನ್ನ ಹತ್ರ ಕೆಲಸಕ್ಕಿದ್ರು.”

ಸಂಜೆ ಮನೆಗೆ ಬಂದಾಗ ಕಿಟಕಿಯ ಪಕ್ಕದ ಕುರ್ಚಿ ತಣ್ಣಗಿತ್ತು. ಫೋಟೋದಲ್ಲಿ ತಂದೆ ಒಬ್ಬನೇ ನಿಂತಿದ್ದನು. ಮೈದುನನ ಮಾತೆತ್ತಿದರೆ ತಾಯಿ ಹುಬ್ಬು ಗಂಟಿಕ್ಕಿ, ಯಾವ ಮೈದುನ, ನಿಮ್ಮಪ್ಪ ಒಬ್ಬನೇ ಮಗನಲ್ಲವೇ ಎಂದಳು.

ಪಿಂಚಣಿ ಮಂಜೂರಾಗಿ ಗಂಜಿಯಣ್ಣನ ಮಗಳು ಓದು ಮುಂದುವರಿಸಿದಳು. ದಂಡ ಕಟ್ಟಲು ಹಬೆಯ ಇಸ್ತ್ರಿಯನ್ನೇ ಮಾರಬೇಕಾಯಿತು. ಅದನ್ನು ಸಾಗಿಸಿದ ದಿನವೇ ಯಜಮಾನನು ಕೆಲಸದವರ ಪಟ್ಟಿಯನ್ನು ಹಿಡಿದು ಗುಂಡಿ ಹೊಲಿಯುವವಳ ಮುಂದೆ ನಿಂತನು. ಅವಳ ಹೆಸರು ತನಗೆ ಗೊತ್ತಿಲ್ಲವೆಂಬುದು ಆಗ ಹೊಳೆಯಿತು.

“ಇಷ್ಟು ವರ್ಷ ಅತ್ತೆ ಆಗಿದ್ದೆ, ಒಂದು ಲೋಟ ನೀರಿಗೂ ಮನೆಗೆ ಕರೀಲಿಲ್ಲ” ಎಂದಳು ಅವಳು, ದಾರವನ್ನು ಹಲ್ಲಿನಿಂದ ಕಡಿಯುತ್ತ. “ಈಗೇನು ಅಷ್ಟು ಅವಸರ?”

“ಬದುಕಿದ್ದಾಗಲೇ ಬರ್ಕೋಬೇಕಮ್ಮ” ಎಂದನು ಯಜಮಾನ.

ಅವಳು ಅವನ ಮುಖವನ್ನು ಒಮ್ಮೆ ನೋಡಿ, ಬೇರೆ ತಮಾಷೆ ಮಾಡದೆ ಹೆಸರು ಹೇಳಿದಳು. ಬರೆದು ತಲೆಯೆತ್ತಿದಾಗ, ಇಸ್ತ್ರಿ ಇದ್ದ ಖಾಲಿ ಜಾಗದ ನೆಲದ ಮೇಲೆ ಬಿಳಿಯ ಅಂಗಿಯೊಂದು ಕಂಡಿತು. ತೋಳುಗಳೆರಡೂ ಎದೆಯ ಮೇಲೆ ಅಡ್ಡಡ್ಡ ಮಡಿಚಿಕೊಂಡಿದ್ದವು. ಅವನು ಬಗ್ಗಿ ಮುಟ್ಟಿದನು, ಇನ್ನೂ ಬಿಸಿಯಿತ್ತು. ಮೆಲ್ಲಗೆ ಒಂದೊಂದೇ ತೋಳನ್ನು ಬಿಡಿಸಿ ಪಕ್ಕಕ್ಕೆ ಚಾಚಿದನು. ಆಮೇಲೆ ಏನು ಮಾಡಬೇಕೆಂದು ತಿಳಿಯದೆ, ಅದರ ಮುಂದೆ ತಾನೇ ಕೈಕಟ್ಟಿ ನಿಂತನು.