ಕೆಂಪಕ್ಕನ ಕಿವಿ

ಯಾರಾದರೂ ಒಣಗಿದ ತೆಂಗಿನಕಾಯಿ ಕೈಗೆ ಕೊಟ್ಟರೆ ಸಾಕು, ಕೆಂಪಕ್ಕ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಮೊಮ್ಮಕ್ಕಳು ನಗುತ್ತಾರೆ. ನಗಲಿ, ಅವಕ್ಕೇನು ಗೊತ್ತು. ಶೆಟ್ಟಿಕೆರೆಯ ಗಿರಿಜಮ್ಮನವರ ಕೊಬ್ಬರಿ ಮಂಡಿಯಲ್ಲಿ ಇಪ್ಪತ್ತು ವರ್ಷ ಆ ಕಿವಿಯ ಮಾತೇ ಕೊನೆಯ ಮಾತಾಗಿತ್ತು.

ಅಟ್ಟಕ್ಕೆ ಹಾಕಿದ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಒಣಗಬೇಕು. ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು, ಒಳಗೆ ಗಡಗಡ ಆಡಬೇಕು. ಅವಸರಪಟ್ಟು ಒಡೆದರೆ ಉಂಡೆ ಕೊಬ್ಬರಿ ಸಿಗದು, ಬರೀ ಚೂರು. ಗಂಡ ತೀರಿಕೊಂಡ ಮೇಲೆ ಮಂಡಿ ನಡೆಸುತ್ತಿದ್ದ ಗಿರಿಜಮ್ಮನವರು ಪ್ರತಿವರ್ಷ ಅಟ್ಟದಿಂದ ಇಳಿಸಿದ ಮೊದಲ ಕಾಯಿಯನ್ನು ಕೆಂಪಕ್ಕನ ಕೈಗಿಟ್ಟು, "ನೀನೇ ಹೇಳವ್ವ" ಅನ್ನುತ್ತಿದ್ದರು. ಅವಳು ತಲೆಯಾಡಿಸಿದ ಮೇಲೆಯೇ ಉಳಿದ ಹೆಂಗಸರು ಮಚ್ಚು ಹಿಡಿಯುತ್ತಿದ್ದದ್ದು. ಆಗ ಅವಳ ಗತ್ತು ನೋಡಬೇಕಿತ್ತು.

ಎಂಬತ್ತೊಂದನೇ ಇಸವಿಯಲ್ಲಿ ಗಿರಿಜಮ್ಮನವರು ಬಿಸಿಗಾಳಿ ಹಾಯಿಸಿ ಕಾಯಿ ಒಣಗಿಸುವ ಮಷಿನ್ ತರಿಸಿದರು. ಅಟ್ಟವಿಲ್ಲದ ಸಣ್ಣ ರೈತರು ಹಸಿಕಾಯಿಯನ್ನೇ ಬಂದ ಬೆಲೆಗೆ ಕೊಡಬೇಕಾಗಿತ್ತು. ಅವರೂ ಕೊಬ್ಬರಿ ಮಾಡಲಿ ಎಂಬುದು ಗಿರಿಜಮ್ಮನವರ ಆಸೆ. ಅಂಥ ರೈತರಲ್ಲೊಬ್ಬನಾದ ನಂಜುಂಡಪ್ಪನೂ ಸೇರಿ ಎಂಟು ಮನೆಯವರು ಆ ವರ್ಷದ ಕಾಯನ್ನೆಲ್ಲ ನಂಬಿ ತಂದು ಸುರಿದರು.

ಸ್ವಲ್ಪ ದಿನಕ್ಕೇ ಕಾಯಿ ಗಡಗಡ ಎಂದಿತು. ಕೆಂಪಕ್ಕ ಹತ್ತಾರು ಕಾಯಿ ಅಲ್ಲಾಡಿಸಿದಳು. ಒಂದನ್ನೂ ಒಡೆದು ನೋಡದೆ ಆಯ್ತು ಅಂದುಬಿಟ್ಟಳು. ಮಷಿನ್ ನಿಲ್ಲಿಸಿ ಕಾಯಿ ರಾಶಿ ಹಾಕಿದರು. ಬಿಸಿಗೆ ಕೊಬ್ಬರಿ ಕರಟವನ್ನೇನೋ ಬಿಟ್ಟಿತ್ತು, ಒಳಗಿನ ಪಸೆ ಆರಿರಲಿಲ್ಲ. ವಾರ ಬಿಟ್ಟು ಒಡೆದರೆ ಒಂದೊಂದರಲ್ಲೂ ಬೂಷ್ಟು.

ತನ್ನ ಕೂಲಿ ಹೋದರೆ ಹೋಗಲಿ, ನಂಜುಂಡಪ್ಪನ ಮಕ್ಕಳ ಮುಖ ಹೇಗೆ ನೋಡುವುದು ಎಂಬ ಸಂಕಟ ಕೆಂಪಕ್ಕನಿಗೆ. ಮರುದಿನ ಎಂಟೂ ಮನೆಯವರು ಮಂಡಿಗೆ ಬಂದರು. ಕಾಯಿ ಆಗೈತೆ ಅಂದವರು ಯಾರು ಎಂದು ನಂಜುಂಡಪ್ಪ ಕೇಳಿದ. ಕೆಂಪಕ್ಕ ಎದ್ದು ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ಗಿರಿಜಮ್ಮನವರು ಮುಂದೆ ಬಂದರು.

"ಅವಳು ಅಟ್ಟದ ಕಾಯಿ ಬಲ್ಲೋಳು ಕಣಪ್ಪ. ಹೊಸಾ ಮಷಿನ್‌ಗೂ ಅವಳ ಕಿವಿಯೇ ಸಾಕು ಅಂದ್ಕಂಡೋಳು ನಾನು. ಮೊದ್ಲು ನನ್ನ ಕಾಯಿ ಹಾಕಿ ನೋಡ್ಬೇಕಾಗಿತ್ತು, ನಿಮ್ದು ಹಾಕ್ಬಿಟ್ಟೆ. ತಪ್ಪು ನಂದು. ನಮ್ಮ ಅಟ್ಟದಲ್ಲಿರೋದು ನಿಮ್ದೇ, ಇಳಿಸ್ಕಂಡು ಹೋಗಿ."

ಸಂಜೆ ಹೊತ್ತಿಗೆ ಅಟ್ಟ ಖಾಲಿಯಾಯಿತು. ಗಿರಿಜಮ್ಮನವರ ಮೈದುನ ಬಂದು ಬಾಯಿಗೆ ಬಂದಂತೆ ಬೈದು ಹೋದರು. ಗಿರಿಜಮ್ಮನವರು ಮಾತ್ರ ಮಷಿನ್ ಮಾರಲಿಲ್ಲ. ಇಡೀ ವರ್ಷ ತಮ್ಮ ತೋಟದ ಕಾಯಲ್ಲೇ ಒಂದಿಷ್ಟನ್ನು ಅದಕ್ಕೆ ಹಾಕಿ, ದಿನಕ್ಕೊಂದು ಒಡೆದು ನೋಡಿ, ಅದರ ಹದ ಕಲಿತರು. ಕಲಿತ ಮೇಲೆಯೇ ಮತ್ತೆ ಕಾಯಿ ತರುವಂತೆ ನಂಜುಂಡಪ್ಪನಿಗೆ ಹೇಳಿಕಳಿಸಿದ್ದು.

ಮುಂದಿನ ಸಲ, ಹೊಸದಾಗಿ ತುಂಬಿದ್ದ ಅಟ್ಟದಿಂದ ಮೊದಲ ಕಾಯಿ ಇಳಿಯಿತು. ಗಿರಿಜಮ್ಮನವರು ಅದನ್ನು ಚಾಚಿದರೆ ಕೆಂಪಕ್ಕ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ನನ್ನ ಕಿವಿ ನಂಬಬೇಡಿ ಅಮ್ಮ," ಅಂದಳು.

ಗಿರಿಜಮ್ಮನವರು ಹತ್ತಿರ ಬಂದು, ಎಲ್ಲ ಹೆಂಗಸರ ಎದುರಿಗೇ, ತಾವೇ ಕಾಯನ್ನು ಅವಳ ಕಿವಿಗೆ ಹಿಡಿದು ಅಲ್ಲಾಡಿಸಿದರು. ಅವಳು ತಲೆಯಾಡಿಸುವವರೆಗೂ ಕೈ ಇಳಿಸಲಿಲ್ಲ.