ಬೀಜದ ಕಾಳು

ಯುದ್ಧದ ಆ ವರ್ಷ ಕುಕನೂರಿನಲ್ಲಿ ಲೇವಿಯವರು ಮನೆಮನೆ ಹೊಕ್ಕು ಸರಕಾರಕ್ಕೆಂದು ಜೋಳ ಅಳೆದುಕೊಂಡು ಹೋಗುತ್ತಿದ್ದರು. ಅವರು ಬರುವ ಸುದ್ದಿ ಸಿಕ್ಕ ಕೂಡಲೇ ಪಾರ್ವತೆಮ್ಮ ಮಗ ಕೊಟ್ರಬಸಪ್ಪನ ಕೈಲಿ ಬಿತ್ತನೆಯ ನಾಲ್ಕು ಚೀಲ ಜೋಳವನ್ನು ಹಿತ್ತಲ ಕೋಣೆಗೆ ಹೊರಿಸಿ, ಮೇಲೆ ಸಗಣಿಯ ಕುಳ್ಳು ಒಟ್ಟಿಸಿದಳು. ಆಮೇಲೆ ಮನೆಯವರನ್ನೆಲ್ಲ ಕೂಡಿಸಿ ತಾಕೀತು ಮಾಡಿದಳು. ಉಳಿದದ್ದು ಹೋದರೆ ಹೋಗಲಿ, ಬೀಜದ ಕಾಳು ಮಾತ್ರ ಅವರ ಕಣ್ಣಿಗೆ ಬೀಳಬಾರದು. ಯಾರು ಕೇಳಿದರೂ ಗೊತ್ತಿಲ್ಲ ಅನ್ನಬೇಕು.

ಈ ಮಾತನ್ನು ಎಲ್ಲರಿಗಿಂತ ಗಮನವಿಟ್ಟು ಕೇಳಿದವಳು ಆರು ವರ್ಷದ ಮೊಮ್ಮಗಳು ಕಳಕಿ. ಅಜ್ಜಿ ಮಲಗಿದ್ದಾಗ ಅವಳ ಜಡೆಯನ್ನು ಮಂಚದ ಕಾಲಿಗೆ ಕಟ್ಟಿದವಳು, ಕರುವಿನ ಬಾಲದ ಕೂದಲು ಕತ್ತರಿಸಿ ಮೀಸೆ ಅಂಟಿಸಿಕೊಂಡವಳು ಇವಳೇ. ಅವಳ ತಾಯಿ ಶೇಖರಮ್ಮ ಹಿರಿಯ ಸೊಸೆ. ಗಂಡ ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಅಂದಿನಿಂದ ಆಕೆ ರೊಟ್ಟಿ ಬಡಿಯುತ್ತಿದ್ದಳು, ನೀರು ಸೇದುತ್ತಿದ್ದಳು, ಕರೆದರೆ ‘ಹೂಂ’ ಅನ್ನುತ್ತಿದ್ದಳು. ಅಷ್ಟೇ.

ಮರುದಿನ ಬೆಳಿಗ್ಗೆ ಲೇವಿಯ ಅಧಿಕಾರಿ ಗಿರ್ದಾವರ ತನ್ನ ಇಬ್ಬರು ಆಳುಗಳೊಡನೆ ಬಂದು ಪಡಸಾಲೆಯಲ್ಲಿ ಕೂತ. ಬೀಜದ ಜೋಳ ಎಲ್ಲಿ ಎಂದು ಕೇಳಿದ್ದಕ್ಕೆ ಪಾರ್ವತೆಮ್ಮ ಸೆರಗು ಸರಿಮಾಡಿಕೊಂಡು ಗೊತ್ತಿಲ್ಲ ಎಂದಳು. ಅದೇ ಹೊತ್ತಿಗೆ ಒಳಗಿನಿಂದ ಕೊಟ್ರಬಸಪ್ಪನ ಹೆಂಡತಿ, ಕಿರಿಯ ಸೊಸೆ, ಚೀರಿದಳು. ತೊಟ್ಟಿಲು ಬರಿದಾಗಿತ್ತು. ಅದರಲ್ಲಿದ್ದ ಹನ್ನೊಂದು ತಿಂಗಳ ಅಮರಪ್ಪ ಆ ಮನೆಗೆ ಒಬ್ಬನೇ ಗಂಡು ಕೂಸು.

ಬಾವಿ ಬಗ್ಗಿ ನೋಡಿದರು. ದನಕ್ಕೆ ಮೇವು ಹಾಕುವ ಗ್ವಾದಲಿ ತಡಕಿದರು. ಗಿರ್ದಾವರನೂ ಲೆಕ್ಕ ಬರೆಯುವುದನ್ನು ಬಿಟ್ಟು ಆಳನ್ನು ಓಣಿಗೆ ಓಡಿಸಿದ. ಕಂಬಕ್ಕೆ ಒರಗಿ ನಿಂತಿದ್ದ ಕಳಕಿಯ ರಟ್ಟೆ ಹಿಡಿದು, ಕೂಸನ್ನು ಕಂಡೆಯಾ ಎಂದು ಅಜ್ಜಿ ಕೇಳಿದಳು. ಕಳಕಿ ಗಿರ್ದಾವರನತ್ತ ಒಮ್ಮೆ ನೋಡಿ, ಲಂಗ ಸರಿಮಾಡಿಕೊಂಡು, ಗೊತ್ತಿಲ್ಲ ಎಂದಳು.

ಮಗಳ ಮೊಣಕೈವರೆಗೆ ಕುಳ್ಳಿನ ಹುಡಿ ಅಂಟಿದ್ದನ್ನು ಶೇಖರಮ್ಮ ನೋಡಿದಳು. ನೇರ ಹಿತ್ತಲ ಕೋಣೆಗೆ ನಡೆದಳು. ಬಾಗಿಲಲ್ಲಿ ಮೈದುನ ಕೊಟ್ರಬಸಪ್ಪ ಅಡ್ಡ ಬಂದು, ಗಿರ್ದಾವರ ನೋಡುತ್ತಿದ್ದಾನೆಂದು ಕಣ್ಸನ್ನೆ ಮಾಡಿದ. ಅವನನ್ನು ಬದಿಗೆ ನೂಕಿ ಎರಡೂ ಕೈಯಿಂದ ಒಟ್ಟಿಲು ಕಿತ್ತಳು. ಚೀಲಗಳ ಸಂದಿಯಲ್ಲಿ ಕೂಸು ಇತ್ತು. ಬಾಯಲ್ಲಿ ಬೆಲ್ಲ, ಮೂಗಿನ ತುಂಬ ಹುಡಿ. ಎತ್ತಿ ಬೆನ್ನಿಗೆ ಎರಡು ಬಡಿದ ಮೇಲೆ ಕೆಮ್ಮಿ, ಕಿಟಾರನೆ ಅತ್ತಿತು.

ನಾಲ್ಕೂ ಚೀಲ ಲೇವಿ ಬಂಡಿಗೆ ಹೋದವು.

ಬಂಡಿ ಮರೆಯಾಗುತ್ತಲೇ ಪಾರ್ವತೆಮ್ಮ ಕುಡುಗೋಲಿನ ತುದಿಯನ್ನು ಒಲೆಗೆ ಇಟ್ಟಳು. ಬರೆ ಎಳೆಯದೆ ಈ ಹುಡುಗಿಗೆ ಬುದ್ಧಿ ಬರದು ಎಂದಳು. ಕೊಟ್ರಬಸಪ್ಪ ಕಳಕಿಯ ಕೈ ಹಿಡಿದು ಎಳೆತಂದ.

“ಕೂಸನ್ನ ಯಾಕ ಮುಚ್ಚಿಟ್ಟಿ? ಹೇಳು,” ಎಂದಳು ಅಜ್ಜಿ.

“ನೀನ ದಿನಾ ತೊಟ್ಟಿಲ ತೂಗುವಾಗ ಅಂತಿಯಲ್ಲ ಆಯಿ, ಇಂವ ನಮ್ಮನಿ ಬೀಜದ ಕಾಳು ಅಂತ,” ಎಂದಳು ಕಳಕಿ. “ಅವರು ಒಯ್ದುಬಿಟ್ಟಿದ್ರ?”

ಕುಡುಗೋಲು ಕೆಂಪಾಗುತ್ತಿತ್ತು, ಪಾರ್ವತೆಮ್ಮ ಅದರ ಹಿಡಿಗೆ ಕೈ ಹಾಕಿದಳು.

ಶೇಖರಮ್ಮ ಕೊಡ ಎತ್ತಿ ಒಲೆಗೆ ಸುರಿದಳು. ಬೂದಿ ಚಾವಣಿಗೆ ಹಾರಿತು. ರೊಟ್ಟಿಯ ಹಂಚು ಸೀಳು ಬಿಟ್ಟಿತು.

“ಉರಿಯೂ ಒಲಿಗೆ ನೀರು ಹಾಕ್ತಿ? ನೀ ಈ ಮನಿ ಸೊಸಿಯೇನು?” ಎಂದಳು ಪಾರ್ವತೆಮ್ಮ.

“ಸೊಸಿನ ಅದೀನ್ರಿ. ನೀವು ಜ್ವಾಳ ಮುಚ್ಚಿಟ್ರಿ, ಆಕಿ ತಮ್ಮನ್ನ ಮುಚ್ಚಿಟ್ಟಳು. ಬರಿ ಎಳೆಯೂದಿದ್ರ ಮೊದಲು ಕಲಿಸಿದವರ ಕೈಗೆ ಎಳೀರಿ.”

ಯಾರ ಅನ್ನ ಉಣ್ಣುತ್ತೀರಿ ಗೊತ್ತೇನು ಎಂದು ಮೈದುನ ಕೂಗಾಡಿದ. ತನ್ನ ಗಂಡ ಉತ್ತ ಹೊಲದ್ದು ಎಂದು ಶೇಖರಮ್ಮ ಹೇಳಿದಳು. ಪಾರ್ವತೆಮ್ಮ ಕುಡುಗೋಲು ಹಿಡಿದೇ ಪಡಸಾಲೆಗೆ ಬಂದಳು. ಶೇಖರಮ್ಮ ಮಗಳನ್ನು ಮೈದುನನ ಕೈಯಿಂದ ಬಿಡಿಸಿಕೊಂಡು ಅಡಿಗೆಮನೆಯ ಹೊಸ್ತಿಲಲ್ಲಿ ಕೂತಳು.

“ಒಲಿ ಹಚ್ಚಾಕಿನೂ ನಾನ. ಕುಡುಗೋಲು ನನ್ನ ಕೈಗೆ ಬರೂತನಕ ಹಚ್ಚೂದಿಲ್ಲ. ಯಾರೂ ನನ್ನ ದಾಟಿ ಒಳಗ ಹೋಗೂದಿಲ್ಲ.”

ಹಾಗೆ ಕೂತೇ ಮಗಳಿಗೆ, ಇನ್ನೊಂದಿಷ್ಟು ಹೊತ್ತಾಗಿದ್ದರೆ ತಮ್ಮ ಉಸಿರುಗಟ್ಟಿ ಸಾಯುತ್ತಿದ್ದ ಎಂದು ಮೆಲ್ಲಗೆ ತಿಳಿಸಿದಳು. ಬರೆಯ ಬೆದರಿಕೆಗೂ ಅಳದ ಕಳಕಿ ಆಗ ಅತ್ತಳು.

ಬಿಸಿಲು ಅಂಗಳಕ್ಕೆ ಇಳಿಯಿತು. ಕೊಟ್ರಬಸಪ್ಪ ಎರಡು ಸಲ ರೊಟ್ಟಿ ಕೇಳಿ, ಮೂರನೆಯ ಸಲ ಕೇಳದೆ ಎದ್ದು ಹೋದ. ಕಿರಿಯ ಸೊಸೆ ಕೂಸಿಗೆ ಹಾಲು ಕಾಸಬೇಕೆಂದು ಅತ್ತೆಯ ಮುಂದೆ ಬಂದು ನಿಂತಳು. ಕೊನೆಗೆ ಪಾರ್ವತೆಮ್ಮ ಕುಡುಗೋಲು ತಂದು, ಮುಖ ಆಚೆ ತಿರುಗಿಸಿ, ಶೇಖರಮ್ಮನ ಮುಂದೆ ಇಟ್ಟಳು.

ಅದು ತಣ್ಣಗಾಗಿದೆಯೇ ಎಂದು ಶೇಖರಮ್ಮ ಬೆರಳಿಂದ ಮುಟ್ಟಿ ನೋಡಿದಳು. ಆಮೇಲೆ ಎದ್ದು ಹೋಗಿ ಒದ್ದೆ ಬೂದಿ ಗೋರತೊಡಗಿದಳು.